ಸಹಾಯ ಬೇಕು: ಬೋಪಣ್ಣ ಮಾಡಿದ್ದು ದ್ರೋಹವಾ?

ನಮಸ್ಕಾರ. ನಮ್ಮ ಓದುಗರ ಬಳಗದಲ್ಲಿ ಈ ಸಲ ಕೊಡಗಿನ ಕೊನೆಯ ರಾಜನ ಬಗ್ಗೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’ ಓದಿದ್ವಿ. ಚರ್ಚೆ ಜಗಳಕ್ಕೇ ಬಂತು, ಕಾಫಿ ಆರಿ ಕೆನೆ ಕಟ್ಟಿತ್ತು! ರಾಜ ಕ್ರೂರಿ, ಒಪ್ಪೋಣ. ಆದರೆ ಅವನನ್ನ ಇಳಿಸೋಕೆ ಮಂತ್ರಿ ಬೋಪಣ್ಣ ಇಂಗ್ಲಿಷರ ಜೊತೆ ಸೇರಿದ್ದು ಜನರ ಹಿತಕ್ಕಾ, ದ್ರೋಹವಾ? ಕೊಡಗಿನವರೇ ಆದ ಅಕ್ಕ ಒಬ್ಬರು "ಕಾದಂಬರೀನೇ ಇತಿಹಾಸ ಅಂದ್ಕೋಬೇಡಿ" ಅಂತ ಪುಸ್ತಕ ಮುಚ್ಚಿಬಿಟ್ರು. ನನಗೂ ಅದೇ ಕೊರೀತಿದೆ. 1834ರಲ್ಲಿ ರಾಜನ ಪಟ್ಟ ಹೋಯ್ತು, ಆಮೇಲೆ ಕಾಶಿ, 1852ರಲ್ಲಿ ಮಗಳು ಗೌರಮ್ಮನ ಜೊತೆ ಲಂಡನ್. ರಾಜ ಕೆಟ್ಟವನು ಅಂತ ಬರೆದಿಟ್ಟವರಲ್ಲಿ ಗೆದ್ದ ಈಸ್ಟ್ ಇಂಡಿಯಾ ಕಂಪನಿಯವರೂ ಇದ್ರಲ್ವಾ? ಕೊಡಗನ್ನ ಆಳಿದ ಈ ಹಾಲೇರಿ ವಂಶದ ಅರಸರ ಬಗ್ಗೆ ಕನ್ನಡದಲ್ಲಿ ಒಳ್ಳೇ ಇತಿಹಾಸದ ಪುಸ್ತಕ ಗೊತ್ತಿದ್ರೆ ದಯವಿಟ್ಟು ಹೇಳಿ. ಭಾನುವಾರ ಮತ್ತೆ ಸೇರ್ತೀವಿ.