ಸಹಾಯ ಬೇಕು: ಜನಗಣತಿಯಲ್ಲಿ ಅಮ್ಮನ ಕೆಲಸ ಯಾವ ಗುಂಪಿಗೆ?

ನಮಸ್ಕಾರ. ನಮ್ಮೂರು ಮದ್ದೂರು ತಾಲ್ಲೂಕು. ಅಮ್ಮ ನಮ್ಮ ಕಬ್ಬಿನ ಗದ್ದೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ತಿಂಗಳು ದುಡಿಯುತ್ತಾರೆ, ಸಂಬಳವಿಲ್ಲ. ಇನ್ನು ಮೂರು ತಿಂಗಳು ಬೇರೆಯವರ ಗದ್ದೆಗೆ ಕೂಲಿಗೆ ಹೋಗುತ್ತಾರೆ. ಕೇಳಿದರೆ ಮಾತ್ರ "ನಂದೇನು ಕೆಲಸ, ಮನೇಲಿರ್ತೀನಿ" ಅಂತಾರೆ! ಹೋದ ಸಲ ಅದನ್ನೇ ಬರೆದುಕೊಂಡು ಹೋದರು. ಬೇಜಾರಾಯಿತು.

2011ರ ಗಣತಿಯ ವಿವರಣೆ ಓದಿದೆ. ಮನೆಯ ಜಮೀನಿನಲ್ಲಿ ಸಂಬಳವಿಲ್ಲದೆ ದುಡಿದರೂ ಅದು ಕೆಲಸವೇ. ಹಿಂದಿನ ವರ್ಷದಲ್ಲಿ ಆರು ತಿಂಗಳು ಅಥವಾ ಜಾಸ್ತಿ ದುಡಿದವರು ಮುಖ್ಯ ಕೆಲಸಗಾರರು, ಕಡಿಮೆಯಾದರೆ ಅಲ್ಪಾವಧಿ ಕೆಲಸಗಾರರು. ಗಣತಿಗೆ ಹೋಗಿದ್ದ ಮೇಷ್ಟ್ರೊಬ್ಬರನ್ನೂ ಕೇಳಿದೆ, ಅವರಿಗೂ ಅನುಮಾನ.

ನಾಲ್ಕು, ಮೂರು ಕೂಡಿಸಿ ಏಳು ತಿಂಗಳು ಅಂತ ಹಿಡಿಯಬೇಕಾ? ಹಾಗಾದರೆ ಅಮ್ಮನನ್ನು ಸಾಗುವಳಿದಾರರು ಅಂತ ಬರೆಸಬೇಕಾ, ಕೃಷಿ ಕೂಲಿಕಾರರು ಅಂತಲಾ? ಗಣತಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ.