ಸೋಗೆ ತಟ್ಟಿಯ ಫೋಟೊದಿಂದ ಒಪಾಸಿಟಿ ಮ್ಯಾಪ್: ಸಂದಿ ಬಿಟ್ಟು ಗರಿಯೇ ತೂತಾಗುತ್ತಿದೆ

ಜಗಲಿಕಟ್ಟೆ:
ನಮ್ಮೂರು ತೀರ್ಥಹಳ್ಳಿ ಹತ್ತಿರ. ಹಳೇ ತೊಟ್ಟಿ ಮನೆಯೊಂದರ 3ಡಿ ಮಾಡೆಲ್ ಮಾಡುತ್ತಿದ್ದೇನೆ, ಬ್ಲೆಂಡರ್‌ನಲ್ಲಿ. ಮಳೆಗಾಲಕ್ಕೆ ಜಗಲಿಗೆ ಅಡಿಕೆ ಸೋಗೆ ತಟ್ಟಿ ಕಟ್ಟುತ್ತೇವಲ್ಲ, ಅದು ಬೇಕೇ ಬೇಕು. ತಟ್ಟಿಯ ಚಂದ ಇರುವುದೇ ಸಂದಿಯಲ್ಲಿ, ಬೆಳಕು ಗೆರೆ ಗೆರೆಯಾಗಿ ಒಳಗೆ ಬೀಳಬೇಕು. ಒಂದೊಂದೇ ಗರಿ ಮಾಡೆಲ್ ಮಾಡುತ್ತಾ ಕೂತರೆ ದೀಪಾವಳಿ ಬರುತ್ತದೆ, ಹಾಗಾಗಿ ಒಂದು ಪ್ಲೇನ್, ಒಂದು ಫೋಟೊ, ಒಂದು ಒಪಾಸಿಟಿ ಮ್ಯಾಪ್ (ಎಲ್ಲಿ ಗರಿ, ಎಲ್ಲಿ ಸಂದಿ ಅಂತ ಹೇಳುವ ಕಪ್ಪು-ಬಿಳುಪು ಚಿತ್ರ) ಸಾಕು ಅಂದುಕೊಂಡೆ.

ಜಗಲಿಯ ಒಳಗಿಂದ ಮೊಬೈಲಲ್ಲಿ ಫೋಟೊ ತೆಗೆದು, ಗಿಂಪ್‌ನಲ್ಲಿ ಕಪ್ಪು-ಬಿಳುಪು ಮಾಡಿ, ಕಾಂಟ್ರಾಸ್ಟ್ ಏರಿಸಿ, ಜೆಪೆಗ್ ಆಗಿ ಉಳಿಸಿ ಬ್ಲೆಂಡರ್‌ನಲ್ಲಿ ಪಾರದರ್ಶಕತೆಯ ಆಲ್ಫಾಗೆ ಜೋಡಿಸಿದೆ. ಬೂಸ್ಟು ಹಿಡಿದು ಕಪ್ಪಾದ ಗರಿಯೆಲ್ಲ ತೂತು! ಒಣಗಿ ಬೆಳ್ಳಗಾದ ಗರಿ ಮಾತ್ರ ಉಳಿದಿದೆ. ಅಂಚಿನ ಸುತ್ತ ಹಸಿರು ಗೆರೆ ಬೇರೆ, ಹಿಂದಿನ ತೋಟದ್ದು. ದೂರದಿಂದ ನೋಡಿದರೆ ತೆಳ್ಳನೆ ಗರಿಗಳು ಮಾಯ. ಹಿನ್ನೆಲೆ ಅಳಿಸುವ ಆನ್‌ಲೈನ್ ಟೂಲ್ ಒಂದಕ್ಕೂ ಕೊಟ್ಟು ನೋಡಿದೆ, ಅದು ಇಡೀ ತಟ್ಟಿಯನ್ನೇ ಹಿನ್ನೆಲೆ ಅಂದುಕೊಂಡು ಅಳಿಸಿತು. ಎಲ್ಲಿ ಎಡವುತ್ತಿದ್ದೇನೆ?

ಮಳೆಹುಳ:
ಗಿಂಪ್‌ನಲ್ಲಲ್ಲ, ಫೋಟೊದಲ್ಲೇ ಎಡವಿದ್ದೀರಿ. ಒಪಾಸಿಟಿ ಮ್ಯಾಪ್‌ನಲ್ಲಿ ಬಿಳಿ ಅಂದರೆ ಅಲ್ಲಿ ವಸ್ತು ಇದೆ, ಕಪ್ಪು ಅಂದರೆ ಇಲ್ಲ, ಅಷ್ಟೇ. ಫೋಟೊವನ್ನು ಸುಮ್ನೆ ಕಪ್ಪು-ಬಿಳುಪು ಮಾಡಿದರೆ ಗರಿ ಎಷ್ಟು ಬೆಳ್ಳಗಿದೆ ಅನ್ನುವುದು ಗೊತ್ತಾಗುತ್ತದೆಯೇ ಹೊರತು ಗರಿ ಇದೆಯಾ ಇಲ್ಲವಾ ಅನ್ನುವುದಲ್ಲ. ಬೂಸ್ಟು ಹಿಡಿದ ಗರಿಯೂ ಗರಿಯೇ ಅಲ್ವಾ?

ನಾನಾದರೆ ಒಂದೇ ಜಾಗದಿಂದ ಎರಡು ಫೋಟೊ ತೆಗೆಯುತ್ತೇನೆ. ಮೊಬೈಲನ್ನು ಟ್ರೈಪಾಡ್ ಮೇಲಿಡಿ, ಇಲ್ಲದಿದ್ದರೆ ಸ್ಟೂಲು, ಅದರ ಮೇಲೆ ಅಕ್ಕಿ ಚೀಲ, ಏನಾದರೂ ಸರಿ, ಆದರೆ ರಾತ್ರಿವರೆಗೂ ಅಲುಗಾಡಬಾರದು. ಹಗಲಲ್ಲಿ ತಟ್ಟಿಯ ಆಚೆ ಎರಡು ಮೂರು ಅಡಿ ದೂರಕ್ಕೆ ಬಿಳಿ ಪಂಚೆ ಕಟ್ಟಿ, ಒಳಗಿನ ದೀಪ ಆರಿಸಿ ಒಂದು ಫೋಟೊ. ಪಂಚೆ ತಟ್ಟಿಗೆ ತಾಗಿದರೆ ನೆರಳು ಸಂದಿಯಲ್ಲೇ ಕೂರುತ್ತದೆ, ಅದಕ್ಕೇ ದೂರ. ಮೋಡ ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಕಡೆ ಅದಕ್ಕೇನು ಬರ. ಈಗ ಗರಿಯೆಲ್ಲ ಕಪ್ಪು, ಸಂದಿಯೆಲ್ಲ ಬಿಳಿ. ರಾತ್ರಿ ಪಂಚೆ ತೆಗೆದು ಒಳಗಿನ ಬಲ್ಬ್ ಹಾಕಿ ಇನ್ನೊಂದು ಫೋಟೊ, ಬಣ್ಣಕ್ಕೆ. ಗಾಳಿ ಇಲ್ಲದ ದಿನ ನೋಡಿಕೊಳ್ಳಿ, ಗರಿ ಒಂದಿಷ್ಟು ಸರಿದರೂ ಎರಡೂ ಹೊಂದುವುದಿಲ್ಲ.

ಹಗಲಿನ ಫೋಟೊವನ್ನು ಗಿಂಪ್‌ನಲ್ಲಿ ಡಿಕಂಪೋಸ್ ಮಾಡಿ (ಕೆಂಪು, ಹಸಿರು, ನೀಲಿ ಬೇರೆ ಬೇರೆ ಮಾಡಿ) ನೀಲಿ ಚಾನೆಲ್ ಮಾತ್ರ ತೆಗೆದುಕೊಳ್ಳಿ. ಒಣ ಸೋಗೆಯ ಕಂದು-ಹಳದಿ ಬಣ್ಣದಲ್ಲಿ ನೀಲಿ ಕಡಿಮೆ, ಪಂಚೆಯಲ್ಲಿ ಜಾಸ್ತಿ, ಹಾಗಾಗಿ ವ್ಯತ್ಯಾಸ ಅಲ್ಲೇ ಚೆನ್ನಾಗಿ ಕಾಣುತ್ತದೆ. ಹಸಿರು ಎಲೆಗೂ ಇದೇ ನಡೆಯುತ್ತದೆ. ಆಮೇಲೆ ಇನ್ವರ್ಟ್ (ಕಪ್ಪು-ಬಿಳಿ ಅದಲುಬದಲು), ಲೆವೆಲ್ಸ್ (ಬೂದನ್ನು ಕಪ್ಪು-ಬಿಳಿಯ ಕಡೆ ಎಳೆಯುವುದು), ಮುಗೀತು.

ಅಡಿಕೆಗೊನೆ:
ಮೇಲಿನವರು ಹೇಳಿದ್ದು ಸರಿ, ಆದರೆ ಲೆವೆಲ್ಸ್ ಸಿಕ್ಕಿತು ಅಂತ ಪೂರ್ತಿ ಎಳೆದುಬಿಡಬೇಡಿ. ಅಂಚಲ್ಲಿ ಒಂದೆರಡು ಪಿಕ್ಸೆಲ್ ಬೂದು ಉಳಿಯಲಿ, ಇಲ್ಲದಿದ್ದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಜೆಪೆಗ್ ಬಿಡಿ, ಪಿಎನ್‌ಜಿ ಬಳಸಿ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್ ಚೌಕಗಳಾಗಿ ಒತ್ತುತ್ತದೆ, ಚೂಪು ಅಂಚಿನ ಸುತ್ತ ಕಸ ಉಳಿಯುತ್ತದೆ, ಆ ಕಸವೇ ಮ್ಯಾಪ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುವುದು.

ಹಸಿರು ಗೆರೆ ಮ್ಯಾಪ್‌ನ ತಪ್ಪಲ್ಲ, ಬಣ್ಣದ ಚಿತ್ರದ್ದು. ಅಂಚಿನ ಪಿಕ್ಸೆಲ್‌ನಲ್ಲಿ ಗರಿ ಅರ್ಧ, ತೋಟ ಅರ್ಧ ಬೆರೆತಿರುತ್ತದೆ. ರಾತ್ರಿ ಫೋಟೊ ತೆಗೆದರೆ ಹಸಿರು ಹೋಗಿ ಕಪ್ಪು ಗೆರೆ ಬರುತ್ತದೆ ಅಷ್ಟೇ, ಖುಷಿಪಡಬೇಡಿ. ಗರಿಯ ಬಣ್ಣವನ್ನೇ ಸಂದಿಯೊಳಕ್ಕೆ ಹರಡಬೇಕು. ಮ್ಯಾಪ್ ಅನ್ನೇ ಮಾಸ್ಕ್ ಆಗಿ ಬಳಸಿ, ಅದನ್ನು ಅಂಚಿನಿಂದ ಸ್ವಲ್ಪ ಒಳಕ್ಕೆ ಕುಗ್ಗಿಸಿ ಗರಿಗಳನ್ನು ಕತ್ತರಿಸಿ, ಆ ಲೇಯರ್‌ನ ನಕಲನ್ನು ಕೆಳಗಿಟ್ಟು ಗಾಸಿಯನ್ ಬ್ಲರ್ ಕೊಡಿ, ಆ ಬ್ಲರ್ ಲೇಯರ್‌ನ ನಾಲ್ಕೈದು ಪ್ರತಿ ಒಂದರ ಮೇಲೊಂದು ಇಟ್ಟು ಎಲ್ಲ ಸೇರಿಸಿ. ಚಿತ್ರ ಕೆಸರು ಮೆತ್ತಿದ ಹಾಗೆ ಕಾಣುತ್ತದೆ, ಪರವಾಗಿಲ್ಲ, ಆ ಕೆಸರನ್ನು ಮ್ಯಾಪ್ ಮುಚ್ಚುತ್ತದೆ. ಬಣ್ಣದ ಫೈಲ್ ಬೇರೆ, ಮ್ಯಾಪ್ ಫೈಲ್ ಬೇರೆ ಇರಲಿ.

ತಟ್ಟಿಯನ್ನು ಪಕ್ಕಪಕ್ಕ ಜೋಡಿಸುವ ಹಾಗಿದ್ದರೆ ಆಫ್‌ಸೆಟ್ (ಚಿತ್ರವನ್ನು ಪಕ್ಕಕ್ಕೆ ಸರಿಸುವುದು) ಬಣ್ಣಕ್ಕೂ ಮ್ಯಾಪ್‌ಗೂ ಒಂದೇ ಅಳತೆ ಕೊಡಿ. ನಾನು ಒಮ್ಮೆ ಮರೆತು ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ.

ತುಂಗಾತೀರ:
ತೆಳ್ಳನೆ ಗರಿ ಮಾಯ ಆಗುವುದಕ್ಕೆ ನನ್ನ ಅನುಮಾನ: ಮ್ಯಾಪ್‌ನ ಕಲರ್ ಸ್ಪೇಸ್ ಎಸ್‌ಆರ್‌ಜಿಬಿ ಎಂದೇ ಇದೆ. ಅದನ್ನು ನಾನ್-ಕಲರ್ (ಬಣ್ಣವಲ್ಲ, ಬರೀ ಅಂಕೆ) ಮಾಡಿ. ಎಸ್‌ಆರ್‌ಜಿಬಿ ಇದ್ದರೆ ಬ್ಲೆಂಡರ್ ನಿಮ್ಮ 0.5 ಬೂದನ್ನು ಸುಮಾರು 0.21 ಅಂತ ಓದುತ್ತದೆ. ಅಂದರೆ ಎಲ್ಲ ಅಂಚೂ ಒಳಕ್ಕೆ ಸವೆಯುತ್ತದೆ, ದಪ್ಪ ಗರಿ ತಡೆದುಕೊಳ್ಳುತ್ತದೆ, ತೆಳ್ಳಗಿನದು ಹೋಗುತ್ತದೆ.

ಬ್ಲೆಂಡರ್‌ನ ವೇಗದ ರೆಂಡರ್ ಎಂಜಿನ್ ಈವಿಯಲ್ಲಿ ಅಂಚನ್ನು ಕಡಿಯಬೇಕಿದ್ದರೆ, ಹಳೇ ವಿಡಿಯೊಗಳಲ್ಲಿ ತೋರಿಸುವ ಆಲ್ಫಾ ಕ್ಲಿಪ್ ಆಯ್ಕೆ ಬ್ಲೆಂಡರ್ 4.2ರಿಂದ ಇಲ್ಲ. ಮ್ಯಾಪ್‌ಗೂ ಆಲ್ಫಾಗೂ ಮಧ್ಯದಲ್ಲಿ ಮ್ಯಾತ್ ನೋಡ್ ಹಾಕಿ ಗ್ರೇಟರ್ ದ್ಯಾನ್ ಮಾಡಿ, ಮಿತಿಯನ್ನು 0.5 ಬದಲು 0.35ರಿಂದ ಶುರು ಮಾಡಿ ನೋಡಿ.

ಜಗಲಿಕಟ್ಟೆ:
ಎಲ್ಲ ಮಾಡಿದೆ. ಮಳೆಯಲ್ಲಿ ಪಂಚೆ ಯಾಕೆ ಒಣಗಹಾಕಿದ್ದೀಯ ಅಂತ ಅಪ್ಪ ಎರಡು ಸಲ ಕೇಳಿದರು, ಎರಡನೇ ಸಲ ಸ್ವಲ್ಪ ಜೋರಾಗಿ. ಕಲರ್ ಸ್ಪೇಸ್ ನಿಜಕ್ಕೂ ಎಸ್‌ಆರ್‌ಜಿಬಿ ಇತ್ತು. ಈಗ ಗರಿ ಗರಿಯಾಗಿ ಬಂದಿದೆ, ನೆಲದ ಮೇಲೆ ಬಿಸಿಲಿನ ಗೆರೆಯೂ ಬಿದ್ದಿದೆ.

ಇನ್ನೊಂದೇ ತೊಂದರೆ. ಇದೇ ರೀತಿ ಅಂಗಳದ ಜರಿಗಿಡಗಳನ್ನೂ ಮಾಡಿದೆ. ಬ್ಲೆಂಡರ್‌ನ ಇನ್ನೊಂದು ರೆಂಡರ್ ಎಂಜಿನ್ ಸೈಕಲ್ಸ್‌ನಲ್ಲಿ ತಟ್ಟಿಯ ಸಂದಿಯಿಂದ ಆ ಗಿಡದ ಗುಂಪು ನೋಡಿದರೆ ಅಲ್ಲಲ್ಲಿ ಕಡು ಕಪ್ಪು ಮಚ್ಚೆ. ಮ್ಯಾಪ್‌ನಲ್ಲಿ ಏನೂ ಕಾಣುತ್ತಿಲ್ಲ.

ಮಳೆಹುಳ:
ಮ್ಯಾಪ್ ಸರಿಯಾಗೇ ಇದೆ. ಲೈಟ್ ಪಾತ್ಸ್‌ನಲ್ಲಿ ಟ್ರಾನ್ಸ್‌ಪರೆಂಟ್ ಬೌನ್ಸ್ ಅಂತ ಇದೆ ನೋಡಿ, ಮೊದಲೇ ಇರುವ ಲೆಕ್ಕ 8. ಪಾರದರ್ಶಕ ಪದರ ಅದಕ್ಕಿಂತ ಜಾಸ್ತಿ ಆದರೆ ಕಿರಣ ಅಲ್ಲೇ ನಿಂತು ಕಪ್ಪಾಗುತ್ತದೆ. 32 ಕೊಡಿ. ಜರಿಗಿಡದ ಪ್ಲೇನ್ ಚೌಕವಾಗಿದ್ದರೆ ಎಲೆಯ ಆಕಾರಕ್ಕೆ ಸುಮಾರಾಗಿ ಕತ್ತರಿಸಿ, ಖಾಲಿ ಜಾಗದ ಪದರ ಕಡಿಮೆಯಾಗಿ ರೆಂಡರ್ ಬೇಗ ಆಗುತ್ತದೆ.

ಜಗಲಿಕಟ್ಟೆ:
ಕಪ್ಪು ಹೋಯಿತು. ರೆಂಡರ್ ಹಾಕಿದ್ದೇನೆ, ಕರೆಂಟ್ ಇದ್ದರೆ ಬೆಳಗ್ಗೆ ಚಿತ್ರ ಹಾಕುತ್ತೇನೆ.