ಕುಕಿ ಮೇಲೆ ಸಣ್ಣ ಎಳೆಯ ಐಸಿಂಗ್: ನಿಮ್ಮ ಪ್ರಶ್ನೆಗಳಿಗೆ ಉತ್ತರ

ಅಡ್ಮಿನ್: ಈ ಭಾನುವಾರದ ವಿಷಯ ರಾಯಲ್ ಐಸಿಂಗ್ (ಒಣಗಿದಾಗ ಗಟ್ಟಿಯಾಗುವ ಸಕ್ಕರೆಯ ಲೇಪ) ಮತ್ತು ಪೈಪಿಂಗ್ (ಅದನ್ನು ಬ್ಯಾಗ್‌ಗೆ ತುಂಬಿ ಎಳೆಯಾಗಿ ಒತ್ತುವುದು). ಬಸವನಗುಡಿಯಲ್ಲಿ ಅಲಂಕಾರದ ಕುಕೀಸ್ ಮಾಡಿ ಮಾರುವ, ಕಲಿಸುವ ನಮ್ಮ ಮೇಡಂ ಉತ್ತರ ಕೊಡುತ್ತಾರೆ. ಪ್ರಶ್ನೆಯ ಜೊತೆ ನಿಮ್ಮ ಏರಿಯಾ ಹೆಸರು ಹಾಕಿ.

ಪ್ರಶ್ನೆ (ರಾಜಾಜಿನಗರ): ಅಕ್ಕ, ಧಾರವಾಡ ಕಡೆಯವರ ಮದುವೆಗೆ ಆರ್ಡರ್ ಬಂದಿದೆ. ಬಿಳಿ ಐಸಿಂಗ್ ಮೇಲೆ ಕೆಂಪು ಕಸೂತಿ ಡಿಸೈನ್ ಬೇಕಂತೆ. ಗೋಪುರ, ತುಳಸಿಕಟ್ಟೆ, ನವಿಲು ಎಲ್ಲ ಕೇಳಿದ್ದಾರೆ. ನನಗೆ ಎಳೆ ನಡುವೆಯೇ ಕಡಿದುಹೋಗುತ್ತದೆ, ಇಲ್ಲದಿದ್ದರೆ ಸೊಟ್ಟ ಆಗುತ್ತದೆ. ಕೈ ನಡುಗುವುದರಿಂದ ಹೀಗಾಗುತ್ತದಾ?

ಉತ್ತರ: ಕೈಯನ್ನು ಆಮೇಲೆ ನೋಡೋಣ, ಮೊದಲು ಐಸಿಂಗ್ ನೋಡಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ತೊಂದರೆ ನೀರಿನ ಅಳತೆಯದ್ದು. ಎಳೆಗೆ ಬೇಕಾದ ಐಸಿಂಗ್ ಹೇಗಿರಬೇಕು ಅಂದರೆ, ಚಮಚ ಎತ್ತಿದಾಗ ತುದಿ ನಿಲ್ಲಬೇಕು, ಆದರೆ ಸ್ವಲ್ಪ ಬಾಗಬೇಕು. ನೆಟ್ಟಗೆ ನಿಂತರೆ ಗಟ್ಟಿ ಜಾಸ್ತಿ ಆಗಿದೆ, ಎಳೆ ಕಡಿಯುತ್ತದೆ. ತುದಿ ಕರಗಿ ಕೆಳಗೆ ಕೂತರೆ ಎಳೆ ಹರಡಿಕೊಳ್ಳುತ್ತದೆ. ನೀರನ್ನು ಚಮಚದಲ್ಲಿ ಸುರಿಯಬೇಡಿ. ಸಣ್ಣ ಸ್ಪ್ರೇ ಬಾಟಲಿ ಇಟ್ಟುಕೊಂಡು ಒಂದೊಂದೇ ಸಲ ಚಿಮುಕಿಸಿ, ಕಲಸಿ ನೋಡಿ.

ಅಳತೆ ಬೇಕಿದ್ದರೆ ಹೀಗೆ ಶುರು ಮಾಡಿ. 450 ಗ್ರಾಂ ಐಸಿಂಗ್ ಶುಗರ್, 3 ಟೇಬಲ್ ಚಮಚ ಮೆರಿಂಗ್ ಪೌಡರ್ (ಐಸಿಂಗ್‌ಗೆ ನೊರೆ, ಗಟ್ಟಿತನ ಕೊಡುವ ಪುಡಿ), 5ರಿಂದ 6 ಟೇಬಲ್ ಚಮಚ ಬೆಚ್ಚಗಿನ ನೀರು. ಪಾತ್ರೆಯಲ್ಲಿ ಜಿಡ್ಡಿನ ಪಸೆಯೂ ಇರಬಾರದು, ಇದ್ದರೆ ನೊರೆ ಏಳುವುದಿಲ್ಲ. ಬೀಟರ್ ಕಡಿಮೆ ವೇಗದಲ್ಲೇ ಇರಲಿ. ಜೋರಾಗಿ ಬೀಟ್ ಮಾಡಿದರೆ ಗಾಳಿ ತುಂಬಿಕೊಳ್ಳುತ್ತದೆ. ಆ ಗಾಳಿಗುಳ್ಳೆ ನಾಜಲ್ (ಬ್ಯಾಗ್ ತುದಿಗೆ ಹಾಕುವ ಸಣ್ಣ ಕೊಳವೆ) ತುದಿಗೆ ಬಂದಾಗ ಎಳೆ ಪಟ್ಟನೆ ಕಡಿಯುತ್ತದೆ. ಬೀಟ್ ಮಾಡಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಸ್ಪ್ಯಾಚುಲಾದಲ್ಲಿ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಕಲಸಿ, ಗುಳ್ಳೆ ಒಡೆಯುತ್ತವೆ.

ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಈ ಕೆಲಸಕ್ಕೆ ಬೇಡ. ನಮ್ಮ ಕಣ್ಣಿಗೆ ನುಣ್ಣಗೆ ಕಂಡರೂ 1ನೇ ನಂಬರ್ ನಾಜಲ್‌ಗೆ ಆ ಕಾಳು ಸಿಕ್ಕಿಕೊಳ್ಳುತ್ತದೆ. ಅಂಗಡಿಯ ಐಸಿಂಗ್ ಶುಗರ್ ತಂದರೂ ತೆಳು ಬಟ್ಟೆಯಲ್ಲಿ ಸೋಸಿಕೊಳ್ಳಿ. ಕಸೂತಿಗೆ 1 ಸಾಕು, ಕೈ ಕುದುರಿದ ಮೇಲೆ ಇನ್ನೂ ಸಣ್ಣ ತೂತಿನ 0 ತೆಗೆದುಕೊಳ್ಳಿ.

ಈಗ ಕೈ ವಿಷಯ. ನಾಜಲ್ ತುದಿಯನ್ನು ಕುಕಿಗೆ ತಾಗಿಸಿ ಎಳೆಯುತ್ತಾ ಹೋದರೆ ಎಳೆ ಸೊಟ್ಟ ಆಗಿಯೇ ಆಗುತ್ತದೆ. ರಂಗೋಲಿ ಹಾಕುವಾಗ ಬೆರಳನ್ನು ನೆಲಕ್ಕೆ ಉಜ್ಜುವುದಿಲ್ಲ, ಮೇಲಿನಿಂದ ಪುಡಿ ಬಿಡುತ್ತೀರಿ, ಅಲ್ವಾ? ಇಲ್ಲೂ ಹಾಗೇ. ತುದಿಯನ್ನು ಒಂದು ಕಡೆ ತಾಗಿಸಿ, ಒತ್ತಿ, ಎಳೆ ಅಂಟಿಕೊಂಡ ಮೇಲೆ ಮೇಲಕ್ಕೆ ಎತ್ತಿ. ಎಳೆ ಗಾಳಿಯಲ್ಲಿ ತೂಗುತ್ತಾ ಇರಲಿ. ಎಲ್ಲಿ ಮುಗಿಯಬೇಕೋ ಅಲ್ಲಿಗೆ ತಂದು ಇಳಿಸಿ. ಇಳಿಸುವ ಸ್ವಲ್ಪ ಮೊದಲೇ ಒತ್ತುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ತುದಿಯಲ್ಲಿ ಉಂಡೆ ನಿಲ್ಲುತ್ತದೆ. ಎಳೆ ಸುರುಳಿ ಸುರುಳಿ ಬಂದರೆ ಒತ್ತಡ ಜಾಸ್ತಿ ಅಂತ ಅರ್ಥ. ಎಳೆದ ಹಾಗೆ ತೆಳ್ಳಗಾಗಿ ಕಡಿದರೆ ಕೈ ಬೇಗ ಹೋಗುತ್ತಿದೆ.

ಬ್ಯಾಗನ್ನು ಅರ್ಧಕ್ಕಿಂತ ಕಡಿಮೆ ತುಂಬಿ. ಮೊಣಕೈ ಟೇಬಲ್ ಮೇಲೆ ಊರಿರಲಿ. ಇನ್ನೊಂದು ಕೈಯ ತೋರುಬೆರಳು ನಾಜಲ್‌ಗೆ ಆಸರೆ ಕೊಡಲಿ. ನಡುಕದ ಮುಕ್ಕಾಲು ಭಾಗ ಇಷ್ಟರಲ್ಲೇ ನಿಲ್ಲುತ್ತದೆ.

ಕಸೂತಿ ಒಪ್ಪಿಕೊಂಡಿದ್ದೀರಿ ಅಂತ ಕೇಳಿ ನಿಜಕ್ಕೂ ಖುಷಿಯಾಯಿತು. ಪೈಪಿಂಗ್‌ಗೆ ಇಷ್ಟು ಹೊಂದುವ ಡಿಸೈನ್ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಗವಂತಿ, ಮುರ್ಗಿ ಅನ್ನುವ ಕಸೂತಿ ಹೊಲಿಗೆ ಎರಡರಲ್ಲೂ ಇರುವುದು ಅಡ್ಡ, ಉದ್ದ, ಓರೆ ಗೆರೆಗಳೇ. ಬಳ್ಳಿಯ ಬಾಗು ಇಲ್ಲ, ಹಾಗಾಗಿ ಕಣ್ಣಿಗೆ ಲೆಕ್ಕ ಸಿಗುತ್ತದೆ. ಕೆಳಗಿನ ಬಿಳಿ ಪದರ ಪೂರ್ತಿ ಒಣಗಿದ ಮೇಲೆ 4 ಅಥವಾ 5 ಮಿಲಿಮೀಟರ್ ಅಂತರದಲ್ಲಿ ಸೂಜಿಯಿಂದ ತೆಳುವಾಗಿ ಚೌಕ ಗೀರಿಕೊಳ್ಳಿ. ಗೋಪುರವನ್ನು ನಡುವಿನ ಗೆರೆಯಿಂದ ಶುರು ಮಾಡಿ ಎರಡೂ ಪಕ್ಕಕ್ಕೆ ಹೋಗಿ. ಒಂದು ಬದಿಯಿಂದ ಶುರು ಮಾಡಿದರೆ ಇನ್ನೊಂದು ಬದಿಗೆ ಜಾಗ ಸಾಲುವುದಿಲ್ಲ. ಮೆಂತಿ ಹೊಲಿಗೆಯ ಸಣ್ಣ ಗುಣಾಕಾರದ ಗುರುತನ್ನು (×) ಕೊನೆಗೆ ಇಟ್ಟುಕೊಳ್ಳಿ. ತಪ್ಪಿದ ಎಳೆಯನ್ನು ಹಸಿ ಇರುವಾಗಲೇ ಸೂಜಿಯಲ್ಲಿ ಎತ್ತಿ, ಒದ್ದೆ ಬ್ರಷ್‌ನಲ್ಲಿ ಒರೆಸಬಹುದು. ಆದರೆ ಕೆಂಪು ಕಲೆ ಬಿಳಿ ಮೇಲೆ ಉಳಿಯುವ ಭಯ ಇದೆ. ಅದಕ್ಕೇ ಮೊದಲು ಓಪಿಪಿ ಶೀಟ್ (ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕೆಳಗೆ ಡಿಸೈನ್ ಇಟ್ಟು, ಶೀಟ್ ಮೇಲೆ ಅಭ್ಯಾಸ ಮಾಡಿ. ಒರೆಸಿ ಮತ್ತೆ ಹಾಕಬಹುದು.

ಪ್ರಶ್ನೆ (ರಾಜಾಜಿನಗರ, ಮತ್ತೆ): ತುಂಬಾ ಥ್ಯಾಂಕ್ಸ್ ಅಕ್ಕ. ಮದುವೆ ಆಗಸ್ಟ್‌ನಲ್ಲಿ. ಕೆಂಪು ಬಣ್ಣ ಬಿಳಿಗೆ ಇಳಿದರೆ ಏನು ಮಾಡಲಿ?

ಉತ್ತರ: ಇಳಿದ ಮೇಲೆ ಏನೂ ಮಾಡಲಾಗದು, ಇಳಿಯದ ಹಾಗೆ ನೋಡಿಕೊಳ್ಳಬೇಕು. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮೂರಿನಲ್ಲಿ ಈ ಕಷ್ಟ ಇದ್ದೇ ಇದೆ. ಬೇಸಿಗೆಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ತೆಗೆಯುವ ಕುಕಿಗೆ ಮಳೆಗಾಲದಲ್ಲಿ ಪೂರ್ತಿ ಒಂದು ದಿನ ಕೊಡಿ. ಫ್ಲಡ್ ಮಾಡಿದ (ತೆಳು ಐಸಿಂಗ್‌ನಿಂದ ಕುಕಿಯ ಮೇಲ್ಭಾಗ ತುಂಬಿದ) ತಕ್ಷಣ ಟೇಬಲ್ ಫ್ಯಾನ್ ಹತ್ತಿರ ಇಡಿ. ಮೇಲ್ಪದರ ಬೇಗ ಕಟ್ಟಿಕೊಂಡರೆ ಹೊಳಪೂ ಬರುತ್ತದೆ. ಎಸಿ ಇದ್ದರೆ ಡ್ರೈ ಮೋಡ್‌ನಲ್ಲಿ ಹಾಕಿ. ಫ್ರಿಜ್‌ಗೆ ಮಾತ್ರ ಇಡಲೇಬೇಡಿ. ಹೊರಗೆ ತೆಗೆದಾಗ ಬೆವರಿ ಎಲ್ಲ ಬಣ್ಣವೂ ಕದಡುತ್ತದೆ.

ಕೆಂಪು ಬರಲಿ ಅಂತ ಜೆಲ್ ಬಣ್ಣ ಸುರಿಯುತ್ತಾ ಹೋಗುವುದು ಇನ್ನೊಂದು ಕಾರಣ. ಬಣ್ಣ ಅತಿಯಾದರೆ ಐಸಿಂಗ್ ಸರಿಯಾಗಿ ಒಣಗುವುದಿಲ್ಲ. ಕೆಂಪು, ಕಪ್ಪು ಎರಡೂ ಇಟ್ಟಷ್ಟು ಗಾಢವಾಗುತ್ತವೆ. ಹಿಂದಿನ ದಿನವೇ ಕಲಸಿ, ಬೇಕಾದ್ದಕ್ಕಿಂತ ಒಂದು ಛಾಯೆ ಕಡಿಮೆ ಇರುವಾಗಲೇ ನಿಲ್ಲಿಸಿ.

ಪ್ರಶ್ನೆ (ಮಲ್ಲೇಶ್ವರಂ): ಮೇಡಂ, ಸೀಮಂತಕ್ಕೆ ಕುಕೀಸ್ ಬೇಕು. ಮನೆಯವರು ಮೊಟ್ಟೆ ತಿನ್ನಲ್ಲ. ಮೆರಿಂಗ್ ಪೌಡರ್ ಎಗ್‌ಲೆಸ್ ತಾನೇ?

ಉತ್ತರ: ಅಲ್ಲ. ದಯವಿಟ್ಟು ಇದನ್ನು ಎಲ್ಲರೂ ಓದಿ. ಮೆರಿಂಗ್ ಪೌಡರ್‌ನಲ್ಲಿ ಮುಖ್ಯವಾಗಿ ಇರುವುದೇ ಒಣಗಿಸಿದ ಮೊಟ್ಟೆಯ ಬಿಳಿಭಾಗ. ಪುಡಿ ರೂಪದಲ್ಲಿ ಬರುತ್ತದೆ, ವಾಸನೆ ಇಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ. ನಮ್ಮ ದೇಶದ ಲೇಬಲ್ ನಿಯಮದಲ್ಲಿ ಮೊಟ್ಟೆ ಇರುವ ಪದಾರ್ಥ ಮಾಂಸಾಹಾರದ ಗುರುತಿನ ಕೆಳಗೇ ಬರುತ್ತದೆ. ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ. ಹಸಿರು ಚುಕ್ಕೆಯ ಎಗ್‌ಲೆಸ್ ರಾಯಲ್ ಐಸಿಂಗ್ ಮಿಕ್ಸ್ ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಮನೆಯಲ್ಲೇ ಮಾಡುವುದಾದರೆ ಕಾಬೂಲಿ ಕಡಲೆ ಬೇಯಿಸಿದ ನೀರು ಕೆಲಸಕ್ಕೆ ಬರುತ್ತದೆ. ಉಪ್ಪು ಹಾಕದೆ ಬೇಯಿಸಿ, ನೀರನ್ನು ಕುದಿಸಿ ಮಂದ ಮಾಡಿ, ಆರಿಸಿ, ನೊರೆ ಬರುವ ತನಕ ಬೀಟ್ ಮಾಡಿ ಸಕ್ಕರೆ ಸೇರಿಸಿ. ಇದು ಮೊಟ್ಟೆಯದ್ದಷ್ಟು ಗಟ್ಟಿಯಾಗಿ ಒಣಗುವುದಿಲ್ಲ, ಬ್ಯಾಗ್‌ನಲ್ಲಿ ಇಟ್ಟರೆ ನೀರು ಬಿಡುತ್ತದೆ. ಅದೇ ದಿನ ಬಳಸಿ. 2ನೇ ನಂಬರ್ ನಾಜಲ್‌ನ ಸರಳ ಡಿಸೈನ್ ಆಯ್ದುಕೊಳ್ಳಿ.

ಮೊಟ್ಟೆ ತಿನ್ನುವ ಮನೆಯಾದರೂ ಸೀಮಂತಕ್ಕೆ ಹಸಿ ಬಿಳಿಭಾಗದ ಐಸಿಂಗ್ ಬೇಡ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಅಪಾಯ ಬಸುರಿಗೆ ಯಾಕೆ? ಪಾಶ್ಚರೀಕರಿಸಿದ ಬಿಳಿಭಾಗ ಅಥವಾ ಪೌಡರ್ ಬಳಸಿ.

ಪ್ರಶ್ನೆ (ಹನುಮಂತನಗರ): ಅಯ್ಯಂಗಾರ್ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಮೇಲೆ ಐಸಿಂಗ್ ಹಾಕಬಹುದಾ? ಬೇಕಿಂಗ್ ಕೆಲಸ ಉಳಿಯುತ್ತದೆ.

ಉತ್ತರ: ಬೇಡ. ಆ ಬಿಸ್ಕತ್ತು ಕಾಫಿ ಜೊತೆ ತಿನ್ನಲು ನನಗೂ ಇಷ್ಟ. ಆದರೆ ಮೇಲ್ಭಾಗ ಉಬ್ಬಿರುತ್ತದೆ, ಮುಟ್ಟಿದರೆ ಉದುರುತ್ತದೆ, ಜಿಡ್ಡು ಮೇಲೆ ಬಂದು ಬಿಳಿ ಐಸಿಂಗ್‌ನಲ್ಲಿ ಹಳದಿ ಮಚ್ಚೆ ಬೀಳುತ್ತದೆ. ಬೇಕಿಂಗ್ ಪೌಡರ್ ಇಲ್ಲದ ಹಿಟ್ಟನ್ನು 5ರಿಂದ 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ ಆಮೇಲೆ ಬೇಕ್ ಮಾಡಿ. ಅಂಚು ನೇರವಾಗಿ ನಿಲ್ಲುತ್ತದೆ. ಬೆಂದ ಕುಕಿಯನ್ನು ಒಂದು ರಾತ್ರಿ ಟಿಶ್ಯೂ ಪೇಪರ್ ಮೇಲೆ ಬಿಟ್ಟು ಮರುದಿನ ಐಸಿಂಗ್ ಹಾಕಿ.

ಪ್ರಶ್ನೆ (ಯಲಹಂಕ): ಸಣ್ಣ ಚುಕ್ಕಿ, ಹೂವಿನ ಎಸಳು ಒಣಗಿದ ಮೇಲೆ ನಡುವೆ ಗುಂಡಿ ಬೀಳುತ್ತದೆ.

ಉತ್ತರ: ಐಸಿಂಗ್ ನೀರಾಗಿದೆ. ಪಾತ್ರೆಯ ಐಸಿಂಗ್ ಮೇಲೆ ಚಾಕುವಿನಿಂದ ಗೆರೆ ಎಳೆದರೆ, ಸಣ್ಣ ಜಾಗಕ್ಕೆ ಹಾಕುವ ಐಸಿಂಗ್‌ನಲ್ಲಿ ಆ ಗೆರೆ 20 ಸೆಕೆಂಡಾದರೂ ಬಿಟ್ಟು ಮುಚ್ಚಿಕೊಳ್ಳಬೇಕು. ದೊಡ್ಡ ಜಾಗಕ್ಕೆ 10ರಿಂದ 15 ಸೆಕೆಂಡು ಸರಿ. ಎಸಳಿನ ಒಳಗೆ ಮೊದಲು ಗಟ್ಟಿ ಐಸಿಂಗ್‌ನಲ್ಲಿ ಒಂದು ವಕ್ರ ಗೆರೆ ಎಳೆದು ಅದರ ಮೇಲೆ ತುಂಬಿ. ಫ್ಯಾನ್ ಮರೆಯಬೇಡಿ.

ಪ್ರಶ್ನೆ (ಕೆಂಗೇರಿ): ಬಿಡಿಯಾಗಿ ಸಿಗುವ ಪುಡಿ ಬಣ್ಣ ತುಂಬಾ ಅಗ್ಗ. ಗೋಲ್ಡ್ ಡಸ್ಟ್ ಕೂಡ. ಬಳಸಬಹುದಾ?

ಉತ್ತರ: ಹೆಸರು, ಪದಾರ್ಥ, ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದ ಬಣ್ಣವನ್ನು ಮನೆಗೇ ತರಬೇಡಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಯಲ್ಲಿ ಕೃತಕ ಬಣ್ಣ ನಿಷೇಧಿಸಿದ್ದು ನೆನಪಿದೆಯಲ್ಲ? ಪರೀಕ್ಷೆಯಲ್ಲಿ ರೋಡಮೈನ್-ಬಿ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ನಮ್ಮ ಕುಕೀಸ್ ತಿನ್ನುವವರಲ್ಲಿ ಮಕ್ಕಳೇ ಜಾಸ್ತಿ, ಇದರಲ್ಲಿ ರಾಜಿ ಬೇಡ. ಗೋಲ್ಡ್ ಡಸ್ಟ್ ಡಬ್ಬಿ ಮೇಲೆ ‘ನಾನ್ ಟಾಕ್ಸಿಕ್’ ಅಂತ ಇದ್ದರೆ ತಿನ್ನಬಹುದು ಅಂತ ಅರ್ಥವಲ್ಲ. ‘ಎಡಿಬಲ್’ ಅಂತಲೇ ಬರೆದಿರಬೇಕು.

ಪ್ರಶ್ನೆ (ಜಯನಗರ): ‘ಒಂದು ಬಿಸ್ಕತ್ತಿಗೆ ಇಷ್ಟು ರೇಟಾ’ ಅಂತ ಕೇಳಿದರೆ ಏನು ಹೇಳುತ್ತೀರಿ ಮೇಡಂ?

ಉತ್ತರ: ಒಂದು ಕುಕಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳುತ್ತೇನೆ. ಅವರ ಬಜೆಟ್ ಕಡಿಮೆ ಇದ್ದರೆ ಡಿಸೈನ್ ಸರಳ ಮಾಡಿ ಕೊಡುತ್ತೇನೆ. ಅದೇ ಡಿಸೈನನ್ನು ಕಡಿಮೆ ದುಡ್ಡಿಗೆ ಮಾಡುವುದಿಲ್ಲ. ನೀವೂ ಮಾಡಬೇಡಿ. ಒಬ್ಬರು ಇಳಿಸಿದರೆ ಈ ಕೆಲಸ ಮಾಡುವ ಎಲ್ಲ ಹೆಣ್ಣುಮಕ್ಕಳ ರೇಟೂ ಇಳಿಯುತ್ತದೆ.

ಪ್ರಶ್ನೆ (ವೈಟ್‌ಫೀಲ್ಡ್): ಕೊನೆಯ ಪ್ರಶ್ನೆ. ಇಲ್ಲಿಂದ ವಿಜಯನಗರಕ್ಕೆ ಆಟೋದಲ್ಲಿ ಕಳಿಸಬೇಕು. ಎಳೆ ಉದುರದ ಹಾಗೆ ಪ್ಯಾಕ್ ಮಾಡುವುದು ಹೇಗೆ?

ಉತ್ತರ: ಪೂರ್ತಿ ಒಣಗಿದ ಮೇಲೆಯೇ ಪ್ಯಾಕ್ ಮಾಡಿ. ಒಂದೊಂದನ್ನೂ ಬೇರೆ ಬೇರೆ ಕವರ್‌ನಲ್ಲಿ ಹಾಕಿ ಸೀಲ್ ಮಾಡಿ. ಡಬ್ಬಿಯಲ್ಲಿ ಮಲಗಿಸದೆ ಒಂದರ ಪಕ್ಕ ಒಂದು ನಿಲ್ಲಿಸಿ, ನಡುವೆ ಟಿಶ್ಯೂ ಕೊಡಿ. ಅಲ್ಲಾಡಿಸಿದಾಗ ಸದ್ದು ಬಂದರೆ ಇನ್ನೂ ಟಿಶ್ಯೂ ಬೇಕು. ಎತ್ತಿ ಹಾಕಿದ ತೂಗು ಎಳೆ, ಜಾಲರಿ ಇರುವ ಕುಕಿಗಳನ್ನು ಮಾತ್ರ ಹೀಗೆ ಕಳಿಸಬೇಡಿ, ಅವನ್ನು ಯಾರಾದರೂ ತೊಡೆ ಮೇಲೆ ಇಟ್ಟುಕೊಂಡೇ ಹೋಗಬೇಕು. ನಾಲ್ಕೈದು ಕುಕೀಸ್ ಹೆಚ್ಚಿಗೆ ಹಾಕಿ ಕಳಿಸಿ.